ಬೆನ್ನಿನ ಹಲಗೆ

ಕುಬಿಹಾಳಕ್ಕೆ ಹೋಗಿ ಹೊಳೆಯಪ್ಪನ ಮನೆ ಯಾವುದು ಎಂದು ಕೇಳಿ ನೋಡಿ. "ಯಾವ ಹೊಳೆಯಪ್ಪ?" ಎಂದು ನಿಮ್ಮನ್ನೇ ತಿರುಗಿ ಕೇಳುತ್ತಾರೆ. ವಿಮಾನದ ಹೊಳೆಯಪ್ಪ ಎನ್ನಿ, ಹಿಟ್ಟಿನ ಗಿರಣಿಯ ತನಕ ಜೊತೆಗೆ ಬಂದು ಬಿಟ್ಟು ಹೋಗುತ್ತಾರೆ. ಹಾಗಂತ ಅವನು ವಿಮಾನ ಹಾರಿಸಿದವನೇನಲ್ಲ. ಹದಿನೈದು ವರ್ಷ ವಾಯುದಳದಲ್ಲಿ ಫಿಟರ್ ಆಗಿದ್ದ. ವಿಮಾನದ ಮೈ ಬಿಚ್ಚುವುದು, ತೊಳೆಯುವುದು, ತೂತು ಬಿದ್ದಲ್ಲಿ ತೇಪೆ ಇಟ್ಟು ರಿವೆಟ್ ಬಡಿಯುವುದು, ಹಾರಿಸುವ ಸಾಹೇಬನನ್ನು ಖುರ್ಚಿಯಲ್ಲಿ ಕೂಡಿಸಿ ಪಟ್ಟಿ ಬಿಗಿಯುವುದು, ಇಷ್ಟು ಅವನ ಕೆಲಸ. ವಿಮಾನ ಮೇಲೆ ಹೋದಾಗ ಅವನು ನೆಲದ ಮೇಲೇ ಇರುತ್ತಿದ್ದ. ಇದನ್ನು ಊರವರಿಗೆ ಹೇಳಿ ಹೇಳಿ ಸಾಕಾಗಿ ಬಿಟ್ಟುಬಿಟ್ಟ. ಊರ ಬಾಯಿ ಮುಚ್ಚಲು ಯಾವ ಫಿಟರ್‌ನಿಂದಲೂ ಆಗುವುದಿಲ್ಲ.

೧೯೭೩ರಲ್ಲಿ ನೌಕರಿ ಮುಗಿಸಿ ಬಂದವನು ಗಿರಣಿಯ ಎಂಜಿನ್ ನೋಡಿಕೊಳ್ಳಲು ನಿಂತ. ಬಂದವನು ಹೋದವನಲ್ಲ ಎನ್ನುವುದು ಮೊದಲು ಗೊತ್ತಾದದ್ದು ಅವನ ಹೆಂಡತಿ ಹನಮವ್ವನಿಗೆ. ನಗಬೇಕಾದಲ್ಲಿ ನಗುವುದಿಲ್ಲ, ಸಿಟ್ಟಿಗೇಳಬೇಕಾದಲ್ಲಿ ಸಿಟ್ಟಿಗೇಳುವುದಿಲ್ಲ. ಹೆತ್ತ ತಾಯಿ ಮೈಲಾರವ್ವ ತೀರಿಕೊಂಡ ದಿನ ನೀರು ಕಾಯಿಸಿದ, ಹೆಣಕ್ಕೆ ಹೆಗಲು ಕೊಟ್ಟ, ಎಲ್ಲ ಸರಿಯಾಗಿ ಮಾಡಿದ. ಕಣ್ಣಲ್ಲಿ ಒಂದು ಹನಿ ಇಲ್ಲ. ಒಂದು ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತ ಹನಮವ್ವ ತಾನು ಊಟಕ್ಕೆ ಕೂತಾಗ ನಾಲಿಗೆ ಕಚ್ಚಿಕೊಂಡಳು. ಗಂಡ ಆಗಲೇ ಎರಡು ರೊಟ್ಟಿ ಉಂಡು ಕೈತೊಳೆದು ಹೋಗಿದ್ದ. "ನನ್ನ ಗಂಡನ್ನ ಮಿಲ್ಟ್ರ್ಯಾಗ ಇಟಗೊಂಡು ಒಂದು ಕಲ್ಲ ಕಳಿಸ್ಯಾರ" ಎಂದು ಅವಳು ಬಾವಿಯ ಕಟ್ಟೆಯ ಮೇಲೆ ಹೇಳಿಕೊಂಡಳು. ಹೇಳಿದ್ದು ಹೊಳೆಯಪ್ಪನ ಕಿವಿಗೂ ಬಿತ್ತು. ಅದಕ್ಕೂ ಅವನಿಗೆ ಏನೂ ಅನ್ನಿಸಲಿಲ್ಲ.

ಅವನು ಊರಲ್ಲಿ ಎಲ್ಲಿ ಬೇಕಾದರೂ ತಿರುಗುತ್ತಿದ್ದ. ಶಂಭುಲಿಂಗಪ್ಪ ಸಾವಕಾರರ ಮನೆಯ ಮುಂದೆ ಮಾತ್ರ ಹಾಯುತ್ತಿರಲಿಲ್ಲ. ಗಿರಣಿಗೆ ಆ ಓಣಿಯಲ್ಲೇ ಹತ್ತಿರದ ದಾರಿ. ಅವನು ಕೆರೆಯ ಕಡೆಯಿಂದ ಸುತ್ತುಹಾಕಿ ಹೋಗುತ್ತಿದ್ದ.

ಅದಕ್ಕೆ ಕಾರಣ ಏಳೆಂಟು ವರ್ಷದ ಹಿಂದಿನದು.

೧೯೬೬ರ ಬೇಸಿಗೆಯಲ್ಲಿ ಅವನು ರಜೆಯ ಮೇಲೆ ಊರಿಗೆ ಬಂದಿದ್ದ. ಹಿಂದಿನ ವರ್ಷವಷ್ಟೇ ಪಾಕಿಸ್ತಾನದ ಜೊತೆ ಯುದ್ಧ ಆಗಿತ್ತು, ಯುದ್ಧ ನೋಡಿ ಬಂದವನು ಊರಿಗೆಲ್ಲ ಅವನೊಬ್ಬನೇ. ಇಸ್ತ್ರಿ ಮಾಡಿದ ಪ್ಯಾಂಟು, ಕೈಗೊಂದು ಗಡಿಯಾರ. ಆಗಿನ ಹೊಳೆಯಪ್ಪ ಬೇರೆ, ಬಿಡಿ. ಮಾತಿಗೆ ಮುಂಚೆ ನಗುತ್ತಿದ್ದ. ಸಾವಕಾರರ ಒಬ್ಬನೇ ಮಗ ಶಂಕ್ರಪ್ಪ ಹುಬ್ಬಳ್ಳಿಯಲ್ಲಿ ಕಾಲೇಜು ಓದುತ್ತಿದ್ದವನು, ವಿಮಾನ ಹಾರಿಸುವ ಕೆಲಸಕ್ಕೆ ಆಯ್ಕೆಯಾಗಿದ್ದ. ಅಪ್ಪ ಹೂಂ ಅಂದಿದ್ದರು. ತಾಯಿ ರೇವವ್ವ ಒಲ್ಲೆ ಎಂದು ಮೂರು ದಿನ ಒಲೆಯ ಮುಂದೆ ಮುಖ ತಿರುವಿಕೊಂಡು ಕೂತಿದ್ದಳು. ಕೊನೆಗೆ ಹೊಳೆಯಪ್ಪನನ್ನು ಕರೆಸಿದರು.

ಹೊಳೆಯಪ್ಪನ ಅಪ್ಪ ಮುದಕಪ್ಪ ಕುರಿ ಕಾಯುತ್ತಿದ್ದವನು. ಸಾವಕಾರರ ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಮಾಡಿಕೊಡುತ್ತಿದ್ದ. ಆ ಮನೆಗೆ ಹೋದರೆ ಅವನ ಜಾಗ ಅಂಗಳದ ಅಂಚು. ಮಗನೂ ಅಭ್ಯಾಸಬಲದಿಂದ ಅಲ್ಲೇ ನಿಂತಾಗ ರೇವವ್ವ ಒಳಗಿಂದ ನವಲಗುಂದದ ಜಮಖಾನೆ ತಂದು ಪಡಸಾಲೆಯಲ್ಲಿ ತನ್ನ ಕೈಯಾರೆ ಹಾಸಿದಳು. ಕಪ್ಪು-ಬಸಿಯಲ್ಲಿ ಚಹಾ ಬಂತು. ಜಮಖಾನೆಯ ಕೆಂಪು ನೀಲಿ ನವಿಲುಗಳ ಮೇಲೆ ಕಾಲು ಮಡಚಿ ಕೂತವನ ನಾಲಿಗೆ ಒಂದು ಗೇಣು ಉದ್ದವಾಯಿತು. ಆಗದೆ ಇರುತ್ತದೆಯೇ? ಅವನ ವಂಶದಲ್ಲಿ ಆ ಪಡಸಾಲೆಯನ್ನು ಹತ್ತಿದವರಿರಲಿಲ್ಲ.

"ತಮ್ಮಾ, ನೀ ಲಡಾಯಿ ನೋಡಿ ಬಂದಾಂವ" ಎಂದಳು ರೇವವ್ವ. "ನನಗ ಖರೇ ಹೇಳು. ಮ್ಯಾಲ ಹೋದಾಗ ವೈರಿ ಗುಂಡ ಹೊಡದ್ರ ನನ್ನ ಮಗಗ ಬಡೀತೈತೋ ಇಲ್ಲೋ?"

"ಬಡಿಯೂದಿಲ್ರಿ ಅವ್ವಾರ" ಎಂದ ಹೊಳೆಯಪ್ಪ. "ಖುರ್ಚಿ ಹಿಂದ, ಬೆನ್ನಿಗೆ, ಉಕ್ಕಿನ ಹಲಗಿ ಇರತೈತ್ರಿ. ನಾನ ನನ್ನ ಕೈಲೆ ಕೂಡ್ಸಿ ಬೋಲ್ಟ್ ಬಿಗದೀನಿ. ಗುಂಡು ಅದಕ್ಕ ಬಡದು ಚಪ್ಪಟಿ ಆಗಿ ಬೀಳತೈತಿ. ಮುಂದ ಎರಡು ಬಟ್ಟು ದಪ್ಪನ್ನ ಗ್ಲಾಸ, ಅದೂ ಒಡಿಯೂದಿಲ್ಲ. ನಿಮ್ಮ ಮಗಾ ಪೆಟಿಗ್ಯಾಗ ಇಟ್ಟ ಬಂಗಾರ ಇದ್ದಂಗ ಇರ್ತಾನ್ರಿ."

ರೇವವ್ವ ಅಂದು ಸಂಜೆ ಒಲೆ ಹಚ್ಚಿದಳು. ಮಗ ಹೋದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೊಳೆಯಪ್ಪ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಹಲಗೆ ಇತ್ತು, ಗಾಜೂ ಇತ್ತು. ಹೇಳದೆ ಬಿಟ್ಟದ್ದು ಬೇರೆ. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ಒಂದು ವಿಮಾನ ಓಲಾಡುತ್ತ ಬಂದು ಇಳಿದು, ರನ್‌ವೇ ತುದಿಯಲ್ಲಿ ನಿಂತುಬಿಟ್ಟಿತ್ತು. ಮೇಲಿನ ಗಾಜಿನ ಮುಚ್ಚಳ ತೆಗೆದಾಗ ಸಾಹೇಬ ಕೂತೇ ಇದ್ದ, ಉಸಿರಿರಲಿಲ್ಲ. ಗುಂಡು ಎಡಬದಿಯ ತಗಡಿನಿಂದ ಒಳಗೆ ಬಂದು ಪಕ್ಕೆಲುಬಿನೊಳಗೆ ಹೊಕ್ಕಿತ್ತು. ಆ ಬದಿಯಲ್ಲಿ ತಗಡು ಬಿಟ್ಟು ಬೇರೇನಿಲ್ಲ. ಹೊಳೆಯಪ್ಪ ಪಟ್ಟಿ ಬಿಚ್ಚಿ ಇನ್ನಿಬ್ಬರ ಜೊತೆ ಅವನನ್ನು ಎತ್ತಿ ಕೆಳಗಿಳಿಸಿದ. ಆಮೇಲೆ ಬಕೀಟು ನೀರು ತಂದು ಖುರ್ಚಿ ತೊಳೆದ. ಬೆನ್ನಿನ ಹಲಗೆಯನ್ನು ಒರೆಸುವಾಗ ಬೆರಳಾಡಿಸಿ ನೋಡಿದ, ಒಂದು ಗೀರು ಸಹ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತೂತಿಗೆ ತೇಪೆ ಬಡಿದಾಗಿತ್ತು. ಮರುದಿನ ಇನ್ನೊಬ್ಬ ಸಾಹೇಬನನ್ನು ಅದೇ ಖುರ್ಚಿಯಲ್ಲಿ ಕೂಡಿಸಿ ಪಟ್ಟಿ ಬಿಗಿದ.

ಅವತ್ತು ಏನೋ ಒಂದು ಅವನೊಳಗೆ ಆರಿತು. ಆರಿದ್ದು ಅವನಿಗೆ ಗೊತ್ತಾಗಲಿಲ್ಲ. ಜಮಖಾನೆಯ ಮೇಲೆ ಕೂತು ಚಹಾ ಕುಡಿಯುವಾಗ ಆ ಎಡಬದಿ ನೆನಪಿರಲಿಲ್ಲವೇ? ಇತ್ತು. ನೆನಪಿದ್ದೂ ಹೇಳಲಿಲ್ಲ.

ಶಂಕ್ರಪ್ಪ ಐದು ವರ್ಷ ಹಾರಾಡಿದ. ಸಾಹೇಬನಾದ, ಮೀಸೆ ಬಿಟ್ಟ. ರಜೆಗೆ ಬಂದಾಗ ಊರೆಲ್ಲ ಅವನ ಹಿಂದೆ. ೧೯೭೧ರ ಅಕ್ಟೋಬರಿನಲ್ಲಿ ಬಂದಿದ್ದಾಗ ಅವನ ಕೊರಳಿನ ಶಿವದಾರ ಹರಿಯಿತು. ಹೊಸ ದಾರ ಮಾಡಿಸಿ ಕಟ್ಟೋಣವೆಂದು ತಾಯಿ ಇಷ್ಟಲಿಂಗವನ್ನು ದೇವರ ಜಗುಲಿಯ ಮೇಲಿಟ್ಟಳು. ಅಷ್ಟರಲ್ಲಿ ತಾರು ಬಂತು, ಕೂಡಲೆ ಹೊರಡು ಎಂದು. "ಅವ್ವಾ, ದಾರ ಆದಮ್ಯಾಲೆ ಟಪಾಲಿಗೆ ಹಾಕಬೇ" ಎಂದು ನಗುತ್ತ ಬಸ್ಸು ಹತ್ತಿದ. ಲಿಂಗವನ್ನು ಟಪಾಲಿಗೆ ಹಾಕುತ್ತಾರೆಯೇ ಯಾರಾದರೂ? ಅದು ಮನೆಯಲ್ಲೇ ಉಳಿಯಿತು.

ಡಿಸೆಂಬರಿನಲ್ಲಿ ಯುದ್ಧ. ಹದಿಮೂರು ದಿನದಲ್ಲಿ ಮುಗಿಯಿತು. ಹೊಸ ವರ್ಷದ ಮೊದಲ ವಾರ ಸಾವಕಾರರ ಮನೆಗೆ ಕಾಗದ ಬಂತು. ಗಡಿಯಾಚೆ, ಕೆಳಗಿನಿಂದ ಹೊಡೆದ ಗುಂಡಿಗೆ ಸಿಕ್ಕಿ ವಿಮಾನ ಬಿತ್ತು, ಜೊತೆಗೆ ಹಾರುತ್ತಿದ್ದವರಿಗೆ ಪ್ಯಾರಾಚೂಟಿನ ಛತ್ರಿ ಬಿಚ್ಚಿದ್ದು ಕಾಣಲಿಲ್ಲ, ಕಾಣೆಯಾದವರು ಸತ್ತಿರಬೇಕೆಂದು ನಂಬಲಾಗಿದೆ ಎಂದು ಮಾಸ್ತರರು ಓದಿ ಹೇಳಿದರು. ಸಾವಕಾರರು ಕಂಬ ಹಿಡಿದು ಕೆಳಗೆ ಕೂತರು. ರೇವವ್ವ ಮಾತ್ರ ಅಳಲಿಲ್ಲ.

"ಬೆನ್ನಿಗೆ ಹಲಗಿ ಐತಿ" ಎಂದಳು. "ಲಿಂಗ ಮನ್ಯಾಗ ಉಳೀತು, ಖರೆ. ಹಲಗಿನಾರ ಐತಲ್ಲ. ಹೊಳೆಯಪ್ಪ ತನ್ನ ಕೈಲೆ ಕೂಡ್ಸ್ಯಾನ. ಗುಂಡ ಬಡಿಯೂದಿಲ್ಲ. ಹಿಡಕೊಂಡಿರಬೇಕು ಅವರು, ಬಿಡ್ತಾರ."

ಮಗ ಬರುವತನಕ ಉಪ್ಪು ಮುಟ್ಟುವುದಿಲ್ಲವೆಂದು ಹರಕೆ ಹೊತ್ತಳು. ಆ ವರ್ಷದ ಕೊನೆಗೆ ಕೈದಿಗಳು ಬಿಡುಗಡೆಯಾಗಿ ಬಂದರು. ಅವರಲ್ಲಿ ಶಂಕ್ರಪ್ಪ ಇರಲಿಲ್ಲ. ಆಗಲೂ ಅವಳು ಹಲಗೆಯ ಮಾತು ಬಿಡಲಿಲ್ಲ. ದಿನಾ ಬೆಳಗ್ಗೆ ಎರಡು ಲಿಂಗ ಪೂಜೆ ಮಾಡುವಳು, ತನ್ನದೊಂದು, ಮಗನದೊಂದು. ಉಪ್ಪಿಲ್ಲದ ರೊಟ್ಟಿ, ಉಪ್ಪಿಲ್ಲದ ಮಜ್ಜಿಗೆ. ಗಂಟಲಲ್ಲಿ ಇಳಿಯದೆ ಅದನ್ನೂ ಬಿಡುತ್ತ ಬಂದಳು. ಮೂರನೆಯ ವರ್ಷಕ್ಕೆ ಬಳೆ ಮೊಣಕೈ ತನಕ ಸರಿಯುತ್ತಿದ್ದವು.

೧೯೭೪ರ ದೀಪಾವಳಿ ಮುಗಿದ ವಾರ, ಗಿರಣಿಯಲ್ಲಿ ಜೋಳದ ಬುಟ್ಟಿಗಳು ಸಾಲು ಹಚ್ಚಿದ್ದಾಗ, ಸಾವಕಾರರು ಕೋಲೂರಿಕೊಂಡು ಬಂದರು. ಹೊಳೆಯಪ್ಪ ಎಂಜಿನ್ ನಿಲ್ಲಿಸಿದ. ಇಬ್ಬರೂ ಬೇವಿನ ಗಿಡದ ಕೆಳಗೆ ಹೋಗಿ ನಿಂತರು.

"ಹೊಳೆಯಪ್ಪಾ, ನಮ್ಮಾಕಿ ಬರೂ ಬ್ಯಾಸಗಿ ನೋಡೂದಿಲ್ಲ" ಎಂದರು ಸಾವಕಾರರು. "ಕುಂದಗೋಳದ ಡಾಕ್ಟರು ಕೈ ಚೆಲ್ಲ್ಯಾನ. ಔಷಧ ಬ್ಯಾಡ, ಮೊದಲ ಉಣ್ಣಾಕ ಹಚ್ಚರಿ ಅಂತಾನ. ಅಯ್ಯನವರು ಹೇಳ್ಯಾರ, ದೇಹ ಸಿಗಲಿಲ್ಲಂದ್ರ ಲಿಂಗಾನ ಕೂಡ್ಸಿ ಸಮಾಧಿ ಮಾಡೂಣು ಅಂತ. ಆಕಿ ಕೊಡವಲ್ಲಳು ಲಿಂಗಾ. ಸರಕಾರದ ಕಾಗದ ನಂಬೂದಿಲ್ಲ, ನನ್ನ ಮಾತ ನಂಬೂದಿಲ್ಲ. ನಿನ್ನ ಮಾತ ಹಿಡಕೊಂಡ ಕುಂತಾಳ. ನೀ ಕೊಟ್ಟ ಮಾತ, ನೀನ ಬಂದು ತೊಗೊಂಡ ಹೋಗು."

ಅಷ್ಟು ದೊಡ್ಡ ಮನುಷ್ಯ ತನ್ನೆದುರು ಕಣ್ಣೀರು ಹಾಕುತ್ತ ನಿಂತದ್ದನ್ನು ಹೊಳೆಯಪ್ಪ ನೋಡಿದ. ಮರುಕ ಬರಬೇಕಾದ ಜಾಗದಲ್ಲಿ ಬಂದದ್ದು ಒಂದು ಥರದ ಜೋಮು. "ನಾಳಿ ಬರ್ತೀನ್ರಿ" ಎಂದ.

ಮನೆಯಲ್ಲಿ ಹನಮವ್ವ ರೊಟ್ಟಿ ಬಡಿಯುತ್ತ ಎಲ್ಲ ಕೇಳಿಸಿಕೊಂಡಳು. "ಹೋಗ್ರಿ. ಹೋಗಿ, ನನಗ ಗೊತ್ತಿರಲಿಲ್ರಿ ಅವ್ವಾರ, ಸಣ್ಣಾಂವ ಇದ್ದೆ, ಹೇಳಿದ್ದು ತಪ್ಪಾತು ಅಂದಬಿಡ್ರಿ. ಹಿಂದಿಂದು ಯಾರ ನೋಡ್ಯಾರ? ಗೊತ್ತಿದ್ದು ಹೇಳಿದ್ರಿ ಅಂದ್ರ ಅವರ ಮನಿ ಶಾಪ ನಮಗ ತಟ್ಟತೈತಿ."

"ಹೂಂ" ಎಂದ ಹೊಳೆಯಪ್ಪ. ಹಾಗೇ ಹೇಳಬೇಕೆಂದು ಗಟ್ಟಿಮಾಡಿಕೊಂಡೇ ಮರುದಿನ ಹೊರಟ.

ಗಿರಣಿಯಿಂದ ನೇರವಾಗಿ, ಮೈಮೇಲೆಲ್ಲ ಹಿಟ್ಟು ಮೆತ್ತಿಕೊಂಡೇ ಹೋದ. ಮಟಮಟ ಮಧ್ಯಾಹ್ನ. ರೇವವ್ವ ಪಡಸಾಲೆಯ ಗೋಡೆಗೆ ಒರಗಿದ್ದವಳು ಅವನನ್ನು ನೋಡಿ ಎದ್ದಳು. ಎದ್ದವಳು ಮಾಡಿದ ಮೊದಲ ಕೆಲಸವೆಂದರೆ ಅದೇ ಜಮಖಾನೆ ತಂದು ಹಾಸಿದ್ದು. ಹಾಸುವಾಗ ಎರಡು ಸಲ ನಿಂತು ಉಸಿರು ತೆಗೆದುಕೊಂಡಳು. ಹೊಳೆಯಪ್ಪ ಅದರ ಮೇಲೆ ಕೂಡಲಿಲ್ಲ. ಹೊಸ್ತಿಲ ಹತ್ತಿರ ಬರಿ ನೆಲದ ಮೇಲೆ ಕೂತ.

"ಅವ್ವಾರ, ಒಂದು ಜರ್ಮನ್ ಮುಚ್ಚಳ ಇದ್ರ ಕೊಡ್ರಿ."

ಅನ್ನದ ಅಲ್ಯುಮಿನಿಯಂ ಬುಟ್ಟಿಯ ಮೇಲಿನ ಮುಚ್ಚಳ ತಂದುಕೊಟ್ಟಳು, ಯಾಕೆಂದು ಕೇಳಲಿಲ್ಲ. ಅವನು ಅದನ್ನು ಹೊಸ್ತಿಲ ಮೇಲೆ ಬೋರಲು ಹಾಕಿದ. ಚೀಲ ಹೊಲಿಯುವ ದಬ್ಬಣ ಅವನ ಅಂಗಿಯ ಜೇಬಿನಲ್ಲೇ ಇತ್ತು. ಅದನ್ನು ಮುಚ್ಚಳದ ಮೇಲೆ ನಿಲ್ಲಿಸಿ, ಬಾಗಿಲಿಗೆ ಒತ್ತಿಟ್ಟಿದ್ದ ಗುಂಡುಕಲ್ಲಿನಿಂದ ಒಂದೇ ಏಟು ಕೊಟ್ಟ. ದಬ್ಬಣ ಆಚೆಗೆ ಹೋಯಿತು.

"ವಿಮಾನದ ಮೈ ಇದರದ್ದ ಇರತೈತ್ರಿ" ಎಂದ. "ಅಗದಿ ಇಷ್ಟ ದಪ್ಪ. ಇದಕ್ಕಿಂತ ಹೆಚ್ಚೇನಿಲ್ಲ."

ರೇವವ್ವ ಮುಚ್ಚಳವನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದಳು. ತೂತಿನಿಂದ ಜೋಳದ ಕಾಳಿನಷ್ಟು ಬಿಸಿಲು ಅವಳ ಸೀರೆಯ ಮೇಲೆ ಬಿತ್ತು.

"ಬೆನ್ನಿಗೆ ಹಲಗಿ ಐತಿ ಅಂದಿದ್ದಿ."

"ಐತ್ರಿ. ಬೆನ್ನಿಗೆ ಅಷ್ಟ ಐತಿ. ಮುಂದ ಗ್ಲಾಸ. ಎರಡೂ ಬಾಜೂಕ, ಕಾಲ ಬುಡಕ, ಮ್ಯಾಲ, ಇದ ತಗಡು."

"ಯಾಕ? ನಾಕೂ ಕಡಿ ಯಾಕ ಇಡೂದಿಲ್ಲ?"

"ತೂಕ ಆಗತೈತ್ರಿ ಅವ್ವಾರ. ಸುತ್ತ ಹಲಗಿ ಇಟ್ರ ವಿಮಾನ ಹಾರೂದಿಲ್ಲ."

ರೇವವ್ವ ತೂತಿನ ಅಂಚನ್ನು ಬೆರಳಿನಿಂದ ಸವರಿದಳು. ಆಮೇಲೆ ಕೇಳಿದಳು: "ಆವತ್ತ ಇಲ್ಲಿ ಕುಂತು ನೀ ಹೇಳಿದ್ಯಲ್ಲ, ಗೊತ್ತಿಲ್ಲದ ಹೇಳಿದ್ಯೋ, ಗೊತ್ತಿದ್ದು ಹೇಳಿದ್ಯೋ?"

ಹನಮವ್ವ ಕಲಿಸಿಕೊಟ್ಟ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೊಳೆಯಪ್ಪ ಜಮಖಾನೆಯ ನವಿಲುಗಳನ್ನು ನೋಡಿದ.

"ಗೊತ್ತಿದ್ದ ಹೇಳಿದ್ನಿರಿ" ಎಂದ. "ಅದರ ಹಿಂದಿನ ವರ್ಷ ನಾನ ಒಬ್ಬ ಸಾಹೇಬನ್ನ ಖುರ್ಚಿಯಿಂದ ಎತ್ತಿ ಇಳಿಸಿದ್ದೆ. ಬಾಜೂಲಿಂದ ಬಡದಿತ್ತು. ಖುರ್ಚಿ ನಾನ ತೊಳದೆ. ನೀವು ಜಮಖಾನಿ ಹಾಸಿದ್ರಿ, ಚಹಾ ಕೊಟ್ರಿ. ದೊಡ್ಡಸ್ತಿಕಿ ಬಂತು, ನುಂಗಿಬಿಟ್ಟೆ."

ಬಯ್ಯುತ್ತಾಳೆ ಎಂದುಕೊಂಡ. ಎದ್ದು ಎರಡು ಬಾರಿಸಿದ್ದರೂ ಬೇಡ ಅನ್ನುತ್ತಿರಲಿಲ್ಲ. ಹಾಗಾಗಿದ್ದರೆ ಒಳ್ಳೆಯದಿತ್ತು. ರೇವವ್ವ ಬಯ್ಯಲೂ ಇಲ್ಲ, ಅಳಲೂ ಇಲ್ಲ. ಒಳಗೆ ಸಾವಕಾರರು ಬಾಗಿಲ ಹಿಂದೆ ನಿಂತು ಬಿಕ್ಕಿದ್ದು ಇಬ್ಬರಿಗೂ ಕೇಳಿಸಿತು.

"ಆ ಸಾಹೇಬ" ಎಂದಳು ರೇವವ್ವ, "ನೀ ಮುಚ್ಚಳ ತಗದಾಗ ಹೆಂಗಿದ್ದ? ಬಿದ್ದಿದ್ನೇನು?"

"ಇಲ್ರಿ. ಕುಂತಿದ್ದ. ಪಟ್ಟಿ ಬಿಗದಿರ್ತೀವಿ, ಬೀಳೂದಿಲ್ಲ. ಎಲ್ಲಾರೂ ಕುಂತ ಇರ್ತಾರ."

ಸಾವಕಾರರ ಮನೆತನದಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ. ಕುಣಿಯ ಗೋಡೆಯಲ್ಲಿ ಗೂಡು ಕಡಿದು, ಅದರಲ್ಲಿ ಕೂಡಿಸುತ್ತಾರೆ, ಅಂಗೈಯಲ್ಲಿ ಲಿಂಗ ಇಟ್ಟು.

"ಅಂದ್ರ ನನ್ನ ಮಗನೂ ಕುಂತ ಹ್ವಾದ" ಎಂದಳು. ಮುಚ್ಚಳವನ್ನು ಕೆಳಗಿಟ್ಟು, ಜಗುಲಿಯತ್ತ ಹೋಗಿ, ಮಗನ ಲಿಂಗವನ್ನು ತಂದು ಗಂಡನ ಕೈಯಲ್ಲಿಟ್ಟಳು. "ಅಯ್ಯನವರಿಗೆ ಹೇಳಿಕಳಸ್ರಿ. ಹೊಳೆಯಪ್ಪಾ, ನೀನೂ ಬರಬೇಕು."

ನಾಲ್ಕು ದಿನದ ನಂತರ ಸಾವಕಾರರ ಹೊಲದಲ್ಲಿ, ಹಿರಿಯರ ಗದ್ದುಗೆಗಳ ಸಾಲಿನಲ್ಲಿ, ಕುಣಿ ತೆಗೆದರು. ಬರೀ ಲಿಂಗವಷ್ಟೇ, ಮೊಳದುದ್ದದ ಕುಣಿ ಸಾಕು ಎಂದಿದ್ದರು ಕೆಲವರು. ರೇವವ್ವ ಕೇಳಲಿಲ್ಲ. ಆಳು ಕೂಡುವಷ್ಟು ಕುಣಿ, ಆಳು ಕೂಡುವಷ್ಟು ಗೂಡು. ಸುತ್ತ ಹತ್ತಿ ಒಡೆದಿತ್ತು, ಬಿಡಿಸುವವರು ಕೆಲಸ ನಿಲ್ಲಿಸಿ ಬಂದು ನಿಂತರು. ಹೊಳೆಯಪ್ಪ ಜನರ ಹಿಂದೆ, ಬದುವಿನ ಮೇಲೆ ನಿಂತಿದ್ದ. ಗದ್ದುಗೆ ಕಟ್ಟಲು ತಂದಿದ್ದ ಹಾಸುಗಲ್ಲುಗಳು ಅವನ ಪಕ್ಕದಲ್ಲೇ ಬಿದ್ದಿದ್ದವು.

"ಹೊಳೆಯಪ್ಪಾ" ಎಂದು ರೇವವ್ವ ಕೂಗಿದಳು. "ಕೆಳಗಿಳಿ. ನಿನ್ನ ಹಲಗಿ ಎಲ್ಲಿ ಇರತೈತಿ, ಇಟ್ಟು ತೋರ್ಸು."

ಅಯ್ಯನವರು ಸಾವಕಾರರ ಮುಖ ನೋಡಿದರು. ಕುರಿ ಕಾಯುವವರ ಮಗ ಆ ಮನೆತನದ ಕುಣಿಯಲ್ಲಿ ಹಿಂದೆಂದೂ ಇಳಿದದ್ದಿಲ್ಲ. ಸಾವಕಾರರು ತಲೆಯಾಡಿಸಿದರು. ಹೊಳೆಯಪ್ಪ ಇಳಿದು, ಮೇಲಿನಿಂದ ಕೊಟ್ಟ ಕಲ್ಲನ್ನು ಗೂಡಿನ ಹಿಂಬದಿಗೆ ನಿಲ್ಲಿಸಿ, ಅಲುಗಾಡದಂತೆ ಬುಡಕ್ಕೆ ಮಣ್ಣು ಗಿಡಿದ. ಕೈಗೆ ಕೆಲಸ ಗೊತ್ತಿತ್ತು. ಅಯ್ಯನವರು ಬಾಗಿ ಅದರ ಮುಂದೆ ಲಿಂಗವನ್ನು ಕೂಡಿಸಿದರು, ಭಸ್ಮ ಹಾಕಿದರು. ರೇವವ್ವ ಕುಣಿಗೆ ಹಾಕಲು ತಂದಿದ್ದ ಉಪ್ಪನ್ನು ಬೊಗಸೆ ತುಂಬ ತೆಗೆದುಕೊಂಡು ಸುರಿದಳು. ಮೂರು ವರ್ಷದ ಮೇಲೆ ಅವಳ ಕೈ ಉಪ್ಪು ಮುಟ್ಟಿದ್ದು ಅಂದೇ.

"ಈಗ ಈ ಬಾಜೂಕ ಇಡು" ಎಂದಳು.

ಹೊಳೆಯಪ್ಪ ಎಡಕ್ಕೆ ಕಲ್ಲಿಟ್ಟ.

"ಆ ಬಾಜೂಕ."

ಬಲಕ್ಕೂ ಇಟ್ಟ. ಇಟ್ಟು ಮೇಲೆ ಹತ್ತಲು ಕೈ ಊರಿದ.

"ಮುಂದ ಬಿಟ್ಟೀಯಲ್ಲ."

"ಮುಂದ ಗ್ಲಾಸ ಇರತೈತ್ರಿ ಅವ್ವಾರ" ಎಂದ, ಹದಿನೈದು ವರ್ಷದ ರೂಢಿಯಿಂದ.

"ಗ್ಲಾಸ ಬ್ಯಾಡ. ಕಲ್ಲ ಇಡು."

ಇಟ್ಟ. ಮೇಲೆ ಮುಚ್ಚಲು ಎಲ್ಲಕ್ಕಿಂತ ದೊಡ್ಡ ಕಲ್ಲನ್ನು ರೇವವ್ವ ತೋರಿಸಿದಾಗ ಸಾವಕಾರರು ಅವಳ ತೋಳು ಹಿಡಿದರು.

"ಸಾಕ ಬಿಡು. ಭಾಳ ತೂಕ ಆತು."

"ಆಗಲಿ ಬಿಡ್ರಿ" ಎಂದಳು ರೇವವ್ವ. "ಇನ್ನೇನ ಅಂವ ಹಾರೂದೈತಿ?"

ಕುಣಿಯೊಳಗೆ ಹೊಳೆಯಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಸಣ್ಣ ಹುಡುಗನ ಹಾಗೆ ದನಿ ತೆಗೆದು ಅತ್ತ. ಯಾರೂ ಅವನನ್ನು ತಡೆಯಲಿಲ್ಲ. ಅತ್ತು ಮುಗಿದ ಮೇಲೆ ಕೈ ಮೇಲೆತ್ತಿ ಆ ಕಲ್ಲನ್ನು ಇಸಿದುಕೊಂಡ.